ಸೊಲ್ಲು ಹಿಡಿಯೋಳು

...ಕಿತ್ತಾಕ್ಬೇಡ ಅಂದ್ನಲ್ಲಾ! ಎಷ್ಟು ಸಲ ಹೇಳೋದು ನಿಂಗೆ? ಕೈ ತೆಗಿ. ತೆಗಿ ಲಕ್ಷ್ಮಕ್ಕ. ಹಾಡು ಕೇಳೋ ಹೆಡ್‌ಫೋನು ಕಣಕ್ಕ ಇದು, ಕಚ್ಚಾಕಿಲ್ಲ. ಹಾಂ... ಹಂಗೆ. ತಡಿ, ಕೂದ್ಲು ಸಿಕ್ಕಾಕ್ಕೊಂಡೈತೆ. ನಿನ್ನ ಸೊಸೆ ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತು? ಹೋಗ್ಲಿ ಬುಡು, ಲತಾಮಣಿ ಆದ್ರೂ ಏನ್ಮಾಡ್ತಾಳೆ, ಡೈರೀಲಿ ಹಾಲು ಅಳೆದು, ಹಸ ನೋಡಿ, ಅತ್ತೆ ನೋಡಿ... ಇಪ್ಪತ್ತು ನಿಮಿಷ ಕಣಕ್ಕ. ಇವತ್ತೊಂದಿನ ಕೇಳ್ಬುಡು. ನಾಳೆಯಿಂದ ನಿಂಗೂ ಕಾಟ ಇಲ್ಲ, ನಂಗೂ ಕಾಟ ಇಲ್ಲ.

ಯಾಕಂಗೆ ನೋಡ್ತೀಯ? ನಾನು! ಮುನಿಯಮ್ಮ! ಬಸ್‌ಸ್ಟಾಪ್ ಎದ್ರು ಮನೆ ಮುನಿಯಮ್ಮ. ನಿನ್ನೇನೂ ಬಂದಿದ್ದೆ, ಮೊನ್ನೇನೂ ಬಂದಿದ್ದೆ. ಒಂದೂವರೆ ತಿಂಗ್ಳಾಯ್ತು, ದಿನಾ ಬತ್ತಾ ಇದೀನಿ. ದಿನಾ ನಾನು ನಿಂಗೆ ಹೊಸಬ್ಳೇ. ಮೊನ್ನೆ ಅಂತೂ ‘ಯಾವೂರಿಂದ ಬಂದ್ಯವ್ವ, ಊಟ ಆಯ್ತಾ’ ಅಂತ ಕೇಳ್ದಲ್ಲ... ಐವತ್ತು ವರ್ಷ ಒಂದೇ ಎಲೆ ಅಡಿಕೆ ಹಂಚ್ಕೊಂಡು ಅಗಿದೋರು ಕಣಕ್ಕ ನಾವು. ಯಾವೂರಿಂದ ಬಂದೆ ಅಂತ ಕೇಳ್ದೆ ನನ್ನ. ನಾನು ‘ಸೋಲೂರು ಕಡೆಯಿಂದ’ ಅಂದೆ. ಇನ್ನೇನ್ ಹೇಳ್ಲಿ?

ಸರಿ. ಕುಂತ್ಕೊ. ಬಂತಾ ಹಾಡು? ಬಂತು ಅನ್ಸ್ತದೆ, ಕಣ್ಣು ಮಿಟುಕಿಸ್ತಾ ಇದೀಯ.

ಇದು ಆ ಪ್ರತಿಮಾ ಹಾಕಿರೋ ಸಿನಿಮಾ ಹಾಡು. ಪಾಪ, ಹುಡ್ಗಿ ಒಳ್ಳೇದು. ಬಿಸ್ಲಲ್ಲಿ ಸ್ಕೂಟಿ ತಗೊಂಡು ಮಾಗಡಿ ತಾಲೂಕೆಲ್ಲಾ ಸುತ್ತುತಾಳೆ, ಮರೆವಿನ ಕಾಯ್ಲೆ ಇರೋರ ಮನೆ ಎಲ್ಲೆಲ್ಲೈತೆ ಅಂತ ಹುಡ್ಕೊಂಡು. ಮೊದಲ್ನೇ ದಿನ ಇಲ್ಲೇ ಚಾಪೆ ಮೇಲೆ ಕುಂತ್ಕೊಂಡು ಎಷ್ಟು ಚೆನ್ನಾಗಿ ಹೇಳಿದ್ಲು. ‘ಅಜ್ಜಿ, ಈ ಕಾಯ್ಲೇಲಿ ಉಂಡಿದ್ದು ಮರೆತೋಯ್ತದೆ, ಹೆತ್ತ ಮಕ್ಳು ಮರೆತೋಯ್ತಾರೆ, ಹಾಡು ಮಾತ್ರ ತಳದಲ್ಲಿ ಉಳ್ಕೊಂಡಿರ್ತದೆ. ಅದನ್ನ ಎಬ್ಬಿಸಿದ್ರೆ ಅದರ ಜೊತೆಗೆ ಮಿಕ್ಕಿದ್ದೂ ಒಸಿ ಎದ್ದು ಬತ್ತದೆ’ ಅಂದ್ಲು. ಆಮೇಲೆ ಈ ಸ್ಲೇಟಿನಂಥದ್ದು ಕೈಗೆ ಕೊಟ್ಲು. ಟ್ಯಾಬು. ಒಂದೊಂದು ಹಾಡು ಮುಗಿದ್ಮೇಲೆ ಇಲ್ಲಿ ಮೂರು ಮೊಕ ಬತ್ತದೆ ನೋಡು. ನಗೋ ಮೊಕ, ಸುಮ್ನಿರೋ ಮೊಕ, ಅಳೋ ಮೊಕ. ನೀನು ಹೆಂಗಿದ್ಯೋ ಆ ಮೊಕ ನಾನು ಒತ್ಬೇಕು. ನಿಂಗೆ ಯಾವ ಹಾಡು ಹಿಡಿಸ್ತು, ಯಾವ್ದು ಸಂಕ್ಟ ಕೊಡ್ತು ಅಂತ ಅದೇ ಕಲ್ತ್ಕೊಂಡು, ಮಾರನೇ ದಿನ ಅಂಥದ್ದೇ ಹಾಡು ತತ್ತದಂತೆ. ಅಳೋ ಮೊಕ ಒತ್ತಿದ ಹಾಡು ಮತ್ತೆ ತರಾಕೇ ಇಲ್ವಂತೆ.

ಹಂ? ಯಾಕೆ ನಗ್ತೀಯ? ಹಾಡಿಗಾ, ನನ್ನ ಮಾತಿಗಾ? ನಗು, ನಗು. ಸಿನಿಮಾ ಹಾಡು ಕೇಳಿ ನಗ್ದೆ ಇನ್ನೇನು ಮಾಡ್ತೀಯ! ನೀನು ಹುಟ್ಟಿದ್ಮೇಲೆ ಟೆಂಟಿಗೆ ಹೋಗಿದ್ದೇ ಒಂದ್ಸಲ. ಅದೂ ಅರ್ಧಕ್ಕೆ ಎದ್ದು ಬಂದ್ಬುಟ್ಟೆ, ‘ಅವ್ಳು ಮರ ಸುತ್ತಾ ಸುತ್ತಾ ಹಾಡ್ತಾಳೆ, ಸೊಲ್ಲು ಹಿಡಿಯೋಕೆ ಒಬ್ಳೂ ಇಲ್ಲ, ಅದೂ ಒಂದು ಹಾಡಾ’ ಅಂತ. ದಾರಿ ಉದ್ದಕ್ಕೂ ನಾನು ನಕ್ಕಿದ್ದೇ ನಕ್ಕಿದ್ದು.

ನಿಂಗೆ ಜ್ಞಾಪಕ ಇಲ್ಲ. ನಂಗೈತೆ. ಅದೇ ನೋಡು ಕಷ್ಟ. ಇಬ್ರೂ ಕಂಡಿದ್ದು, ಈಗ ನನ್ನೊಬ್ಳ ತಲೇಲಿ ಐತೆ. ‘ಹೌದಲ್ವಾ ಲಕ್ಷ್ಮಕ್ಕ?’ ಅಂತ ಕೇಳಾಕೆ ಯಾರೂ ಇಲ್ಲ. ಮನೇಲಿ ಮಾತಾಡಿದ್ರೆ ಗೋಡೆ. ಇಲ್ಲಿ ಬಂದ್ರೆ ನೀನು. ಬೇಜಾರು ಮಾಡ್ಕೋಬೇಡ... ಗೋಡೆಗಿಂತ ವಾಸಿ ಕಣಕ್ಕ ನೀನು. ನಗ್ತೀಯಲ್ಲ, ಅಷ್ಟಾದ್ರೂ.

ನಾವು ಹಂಗಾ ಹಾಡ್ತಿದ್ದಿದ್ದು, ಒಬ್ಳೇ? ಸೋಬಾನೆ ಅಂದ್ರೆ ಇಬ್ರು ಬೇಕು. ಮುಂದಾಗಿ ಹೇಳೋಳು ಒಬ್ಳು, ಹಿಂದೆ ಸೊಲ್ಲು ಹಿಡಿಯೋಳು ಒಬ್ಳು. ನೀನು ಸಾಲು ಎಸೀತಿದ್ದೆ, ಆ ಸಾಲಿನ ಕೊನೆ ನೆಲಕ್ಕೆ ಬೀಳೋಕೆ ಮುಂಚೆ ನಾನು ಸೊಲ್ಲು ಹಿಡೀತಿದ್ದೆ. ನಾನು ಸೊಲ್ಲು ಹೇಳೋವಾಗ ನೀನು ಬಾಯಿ ಮುಚ್ಕೊಂಡು, ಉಸಿರು ಎಳ್ಕೊಂಡು, ಮುಂದಿನ ಸಾಲು ನೆಪ್ಪು ಮಾಡ್ಕೊತಿದ್ದೆ. ಮದ್ವೆ ಮನೆ ಚಪ್ಪರದಲ್ಲಿ ನಾವು ಬಾಯಿ ಬುಟ್ರೆ ವಾಲಗದೋರೇ ಪೀಪಿ ಕೆಳಗಿಟ್ಟು ಕೇಳ್ತಿದ್ರಲ್ಲ! ಹಸೆಗೆ ಹೆಣ್ಣು ಕರೆಯೋದು ಹಾಡು, ಬಾಸಿಂಗ ಕಟ್ಟೋದು ಹಾಡು, ಬೀಗ್ತಿ ಮೂಗು ದಪ್ಪ ಐತೆ ಅಂತ ರೇಗ್ಸೋದೂ ಹಾಡು. ಆ ಬೀಗ್ತಿ ಎದ್ದು ಹೊಡ್ಯಾಕೆ ಬಂದಿದ್ಲಲ್ಲ... ಇವತ್ತು ಮದ್ವೆ ಅಂದ್ರೆ ಹೈವೇ ಪಕ್ಕ ಛತ್ರ. ಎದೆ ಗುಡುಗುಡು ಅನ್ನೋ ಹಂಗೆ ಡಿಜೆ. ಹಸೆ ಮುಂದೆ ನಾವು ಹೋಗಿ ನಿಂತ್ರೆ ಫೋಟೋದೋನು ‘ಅಜ್ಜಿ, ಒಸಿ ಪಕ್ಕಕ್ಕೆ ಬನ್ನಿ’ ಅಂತಾನೆ.

ಮುಗೀತಾ ಹಾಡು? ಮೂರು ಮೊಕ ಬಂತು. ನಕ್ಕೆ ನೀನು, ನಗೋದೇ ಒತ್ತೀನಿ. ಹಾಂ, ಒತ್ತಿದ್ದೀನಿ.

ಹಾಡು ಇನ್ನೊಂದು ಬತ್ತದೆ ತಡಿ.

ಮೂರು ಗಂಟೆಗೆ ಪ್ರತಿಮಾ ಬತ್ತಾಳೆ. ನಿನ್ನೆ ಫೋನು ಮಾಡಿದ್ಲಂತೆ ಲತಾಮಣಿಗೆ. ‘ಒಂದೂವರೆ ತಿಂಗ್ಳಿಂದ ಅಜ್ಜಿಗೆ ಏನೂ ಸುಧಾರಣೆ ಇಲ್ಲ. ಹಳೇ ಸೋಬಾನೆ ಹಾಡು ಬಂದಾಗೆಲ್ಲ ಅಳೋ ಮೊಕ ಬಿದ್ದೈತೆ. ಆಮೇಲೆ ಹಾಕಿದ ಹಾಡಿಗೆ ನಗ್ತಾರೆ, ಆದ್ರೆ ಒಂದು ಪದಾನೂ ಬಾಯಿಗೆ ಬರ್ತಿಲ್ಲ. ಇವ್ರಿಗೆ ಹಾಡು ಆಗಿಬರಾಕಿಲ್ಲ ಅನ್ಸ್ತದೆ. ಮಾಗಡೀಲಿ ಇನ್ನೊಂದು ಮನೆಯೋರು ಕಾಯ್ತಾ ಅವ್ರೆ, ಟ್ಯಾಬು ಅವ್ರಿಗೆ ಕೊಡ್ತೀನಿ’ ಅಂತ. ಲತಾಮಣಿ ಹಸಿನ ಪಕ್ಕ ನಿಂತ್ಕೊಂಡು ಅತ್ಲು ಕಣಕ್ಕ. ನಾನು ನೋಡ್ದೆ. ನನ್ನ ಕಂಡು ಸೆರಗಲ್ಲಿ ಮೊಕ ಒರೆಸ್ಕೊಂಡ್ಲು. ‘ಇದೂ ಹೋದ್ರೆ ನಮ್ಮತ್ತೆ ಪೂರಾ ಮಾತು ಬುಟ್ಬುಡ್ತಾರೆ ಮುನಿಯಮ್ಮತ್ತೆ. ಆಮೇಲೆ ತುತ್ತು ನುಂಗೋದೂ ಮರೀತಾರಂತೆ’ ಅಂದ್ಲು.

ನಂಗೇನು ಗೊತ್ತು? ನಾನೇನು ಡಾಕ್ಟ್ರಾ?

ಆ ಅಳೋ ಮೊಕ... ನೋಡು, ನಂಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ. ಎಡಗಣ್ಣಲ್ಲಿ ಪೊರೆ. ಯಾವ್ದು ನಗೋದು ಯಾವ್ದು ಅಳೋದು ಅಂತ ಹೆಂಗೆ ಗೊತ್ತಾಗ್ಬೇಕು? ಎರಡೂ ಹಳದಿ, ಎರಡೂ ಗುಂಡಗೆ. ಒಂದ್ಸಲ ಎರಡು ಸಲ ಹೆಚ್ಚುಕಮ್ಮಿ ಆಗಿರ್ತದೆ.

ಏನು? ಯಾಕಂಗೆ ದುರುಗುಟ್ಕೊಂಡು ನೋಡ್ತೀಯ? ನೀನು ಮೊದ್ಲಿಂದ ಹಂಗೇ. ಮಾತಾಡ್ದೆ ನೋಡೋದು. ಕೆಂಚಯ್ಯಣ್ಣ ಹೇಳ್ತಿದ್ದ, ‘ಮುನಿಯಮ್ಮ, ನಿಮ್ಮಕ್ಕ ಬೈದ್ರೆ ಉಂಡು ಮಲಿಕ್ಕೊಬೋದು, ನೋಡಿದ್ರೆ ನಿದ್ದೆ ಬರಾಕಿಲ್ಲ’ ಅಂತ. ಒಳ್ಳೇ ಗಂಡ ಸಿಕ್ಕಿದ್ದ ನಿಂಗೆ. ಅವ್ನು ಸತ್ತಾಗ... ಹನ್ನೊಂದು ವರ್ಷ ಆಯ್ತು.

ಅದೇ ವರ್ಷ ಅಲ್ವಾ ಜೀಪು ಬಂದಿದ್ದು, ಬೆಂಗಳೂರಿಂದ, ಹಾಡು ರೆಕಾರ್ಡು ಮಾಡೋರು. ಹೇಳಿದ್ನಲ್ಲ ನಿಂಗೆ ಆವತ್ತೇ. ಗಂಡ ಇಲ್ದೋಳ ಬಾಯಲ್ಲಿ ಸೋಬಾನೆ ಬೇಡ ಅಂದ್ರು ಅವ್ರು. ಅವ್ರೇ ಅಂದಿದ್ದು! ಶುಭದ ಹಾಡು, ಮುತ್ತೈದೆ ಹೇಳ್ಬೇಕು ಅಂದ್ರು. ನಾನೇನು ಮಾಡಾಕಾಗ್ತದೆ? ಕರೆದ್ರು, ಹೋದೆ. ಗಾಜಿನ ರೂಮಲ್ಲಿ ಕುಂಡ್ರಿಸಿದ್ರು. ಹಿಂದೆ ಸೊಲ್ಲು ಹಿಡಿಯೋಕೆ ಯಾವ್ಯಾವೋ ನಾಲ್ಕು ಹುಡ್ಗೀರು, ಲಿಪ್‌ಸ್ಟಿಕ್ ಹಾಕ್ಕೊಂಡೋರು. ಆಮೇಲೆ ಶಾಲು ಹೊದಿಸಿದ್ರು, ಫಲಕ ಕೊಟ್ರು. ನಿಂಗೆ ತೋರ್ಸಾಕೆ ತಂದಿದ್ದೆ. ನೀನು ಫಲಕ ನೋಡಲಿಲ್ಲ, ನನ್ನೇ ನೋಡ್ದೆ... ‘ಚೆನ್ನಾಗೈತೆ’ ಅಂದೆ. ಆಮೇಲೆ ನೀರು ಸೇದಾಕೆ ಹೋದೆ.

ನಾಲ್ಕು ವರ್ಷಕ್ಕೆ ನನ್ನ ಗಂಡಾನೂ ಹೋದ. ನಾನು ಹಾಡ್ತಾನೇ ಇದ್ದೆ. ವೇದಿಕೆ ಮೇಲೆ, ಮೈಕಲ್ಲಿ. ಯಾರೂ ಬೇಡ ಅನ್ನಲಿಲ್ಲ.

ಹಂ?... ಏನಿಲ್ಲ. ಏನೂ ಅನ್ನಲಿಲ್ಲ ನೀನು. ನಾನೇ ಅಂದ್ಕೊಂಡೆ.

ಅಯ್ಯೋ, ಕೈ ಇಡ್ಬೇಡ ಅದ್ರ ಮೇಲೆ! ಏನೋ ಒತ್ತಿಬುಟ್ಟೆ ನೋಡು. ಬೇರೆ ಕಡೆ ಹೋಯ್ತು ಅದು. ಇದ್ಯಾವ್ದು... ಓ. ಇವೆಲ್ಲ ಬುಟ್ಟಿರೋ ಹಾಡು, ಪ್ರತಿಮಾ ತೋರ್ಸಿದ್ಲು. ಅಳೋ ಮೊಕ ಬಿದ್ದಿದ್ದೆಲ್ಲ ಇಲ್ಲಿ ಬಂದು ಕುಂತಿರ್ತದೆ. ಓದಾಕೆ ನಂಗೆ ಬರಾಕಿಲ್ಲ, ಫೋಟೋ ನೋಡಿದ್ರೆ ಗೊತ್ತಾಯ್ತದೆ. ಇದು ನಾನು. ಶಾಲು ಹೊದ್ಕೊಂಡು, ಹೂವ ಮುಡ್ಕೊಂಡು.

ಯಾಕೆ ಬೆರಳಿಕ್ಕಿ ಸವರ್ತೀಯ? ಯಾರದು, ಹೇಳು? ಹೇಳು ಲಕ್ಷ್ಮಕ್ಕ. ಗೊತ್ತಿಲ್ವಾ? ಪಕ್ಕದಲ್ಲಿ ಕುಂತಿರೋಳು ಗೊತ್ತಿಲ್ಲ, ಫೋಟೋದಲ್ಲಿರೋಳು ಹೆಂಗೆ ಗೊತ್ತಾಗ್ಬೇಕು...

ಕೇಳ್ತೀಯಾ?

ಬೇಡ ಬುಡು. ಏನ್ಮಾಡ್ತೀಯ ಕೇಳಿ. ಮೂರು ಗಂಟೆಗೆ ಅವ್ಳು ಬತ್ತಾಳೆ, ತಗೊಂಡು ಹೋಯ್ತಾಳೆ, ಅಲ್ಲಿಗೆ ಆಯ್ತು.

...ಬುಡು ನನ್ನ ಕೈಯ. ಬುಡಕ್ಕ. ಏನು ಹಿಡಿತ ನಿಂದು, ಈ ವಯಸ್ಸಲ್ಲಿ! ಆಯ್ತು, ಆಯ್ತು. ಹಾಕ್ತೀನಿ. ಒಂದ್ಸಲ. ಹೆಡ್‌ಫೋನು ತೆಗೀತೀನಿ, ಇಬ್ರೂ ಕೇಳಣ. ಈ ತಂತಿ ಕಿತ್ರೆ ಹೊರಗೆ ಕೇಳ್ಸ್ತದೆ. ಹಾಂ.

‘ಸಾವನದುರ್ಗದ ನೆರಳು ಅಂಗಳಕೆ ಇಳಿದಾವು, ದೀಪ ಹಚ್ಚಿರಮ್ಮ ದೊಡ್ಡೋರು...’ ಕೇಳ್ತಾ? ನನ್ನ ದನಿ. ಎಷ್ಟು ಚೆನ್ನಾಗಿತ್ತು ನೋಡು ಆವಾಗ. ಈಗ ಈ ಹುಡ್ಗೀರು ಸೊಲ್ಲು ಹಿಡೀತಾರೆ, ಕೇಳು. ‘ಹಸೆಗೇಳೆ ಮಗಳೆ, ಹಸೆಗೇಳೆ...’ ಥೂ, ಕಾನ್ವೆಂಟಿನ ಪ್ರಾರ್ಥನೆ ಥರ ಹೇಳ್ತಾವೆ. ಅಯ್ಯೋ, ಬೆರಳು! ನಿನ್ನ ಬೆರಳು ಲಕ್ಷ್ಮಕ್ಕ! ಮಂಡಿ ಮೇಲೆ ತಾಳ ಹಾಕ್ತಾ ಇದೀಯ! ಒಂದೂವರೆ ತಿಂಗ್ಳಲ್ಲಿ ಯಾವ ಹಾಡಿಗೂ ಹಾಕಿಲ್ಲ...

ಹಾಕಿದ್ದೆ. ಮೊದಲ್ನೇ ವಾರ ಇದೇ ಹಾಡು ಬಂದಾಗ್ಲೂ ಹಾಕಿದ್ದೆ. ಈಗ ನೆಪ್ಪಾಯ್ತು ನಂಗೆ.

ಇದು ಎರಡ್ನೇ ಸಾಲು. ಹಾಕು, ಹಾಕು ತಾಳ. ಈಗ ನಾಲ್ಕ್ನೇದು... ಯಾಕೆ? ಯಾಕೆ ನಿಲ್ಲಿಸ್ದೆ? ಬೆರಳು ಮೇಲಕ್ಕೆತ್ತಿ ಹಂಗೇ ನಿಂತ್ಕೊಂಡ್ಬುಟ್ಟೆಯಲ್ಲ. ಹುಬ್ಬು ಯಾಕೆ ಗಂಟು? ಹಾಡು ಹೋಯ್ತಾ ಐತೆ ನೋಡು, ತಪ್ಪೋಯ್ತದೆ ತಾಳ...

ಮೂರ್ನೇದು ಇಲ್ಲ ಕಣಕ್ಕ ಇದ್ರಲ್ಲಿ.

ನಿಂಗೆ ಗೊತ್ತಾಯ್ತಾ? ಬಚ್ಚಲು ಎಲ್ಲೈತೆ ಗೊತ್ತಿಲ್ಲ, ಹೆತ್ತ ಮಗನ ಹೆಸ್ರು ಗೊತ್ತಿಲ್ಲ, ಮೂರ್ನೇ ಸಾಲು ಬುಟ್ಟಿರೋದು ಗೊತ್ತಾಯ್ತಾ? ಬೆಂಗಳೂರಿನ ಆ ದೊಡ್ಡ ಕನ್ನಡಕದೋರಿಗೇ ಗೊತ್ತಾಗಲಿಲ್ಲ. ಶಾಲು ಹೊದಿಸ್ಬುಟ್ರು. ಆರಿಸ್ತೀನಿ ತಡಿ. ಸಾಕು.

ಆರ್ಸಿದೆ. ಬೆರಳು ಇಳ್ಸು. ನೋವಾಯ್ತದೆ. ಇಳ್ಸು ಲಕ್ಷ್ಮಕ್ಕ...

ನಾನೇ ಹೇಳ್ತೀನಿ, ಬಾಯಲ್ಲಿ. ಈ ಪೆಟ್ಟಿಗೆ ಬೇಡ. ನಾನು ಮುಂದಾಗಿ ಹೇಳ್ತೀನಿ, ನೀನು ಸೊಲ್ಲು ಹಿಡಿ. ಸೊಲ್ಲು ಸುಲಭ. ‘ಹಸೆಗೇಳೆ ಮಗಳೆ’, ಅಷ್ಟೇ. ಪ್ರತಿಮಾ ಬರೋದ್ರೊಳಗೆ ಆ ಒಂದು ಸೊಲ್ಲು ನಿನ್ನ ಬಾಯಲ್ಲಿ ಬಂದ್ರೆ ಟ್ಯಾಬು ಬುಟ್ಟೋಯ್ತಾಳೆ. ಕೇಳ್ಕೊ. ‘ಸಾವನದುರ್ಗದ ನೆರಳು... ಅಂಗಳಕೆ ಇಳಿದಾವು... ದೀಪ ಹಚ್ಚಿರಮ್ಮ ದೊಡ್ಡೋರು...’ ಹಾಂ, ಈಗ. ಹಿಡಿ.

ಹಿಡಿ ಲಕ್ಷ್ಮಕ್ಕ.

ಯಾಕೆ ಬಾಯಿ ಬಿಗಿ ಹಿಡ್ಕೊಂಡೆ? ಈಗ ತಾನೇ ತುಟಿ ಆಡ್ತಿತ್ತಲ್ಲ! ಇನ್ನೊಂದ್ಸಲ ಹೇಳ್ತೀನಿ. ‘ಸಾವನದುರ್ಗದ ನೆರಳು ಅಂಗಳಕೆ ಇಳಿದಾವು, ದೀಪ ಹಚ್ಚಿರಮ್ಮ ದೊಡ್ಡೋರು...’ ಹೂಂ! ಹೇಳು! ‘ಹಸೆಗೇಳೆ...’ ಅನ್ನು. ಅನ್ನಕ್ಕ. ಹಟ ಬುಡು. ಲತಾಮಣಿ ಮೊಕ ನೋಡಾದ್ರೂ ಅನ್ನು. ಏನು ಹಟ ಇದು, ಏನು ಕೊಬ್ಬು ನಿಂದು! ಎಲ್ಲಾ ಮರೆತ್ರೂ ಇದೊಂದು ಮರೀಲಿಲ್ವಾ?

...

ಯಾಕೆ ನನ್ನ ಬಾಯೇ ನೋಡ್ತೀಯ?

ಉಸಿರು ಎಳ್ಕೊಂಡೆ. ನೋಡ್ದೆ ನಾನು, ಉಸಿರು ಎಳ್ಕೊಂಡೆ ನೀನು. ಬಾಯಿ ಮುಚ್ಕೊಂಡು, ಉಸಿರು ಎಳ್ಕೊಂಡು... ಅಯ್ಯೋ ಶಿವನೇ.

ನೀನು ಸೊಲ್ಲು ಹಿಡಿಯಾಕಿಲ್ಲ. ಯಾವತ್ತು ಹಿಡಿದಿದ್ದೆ ನೀನು? ಮುಂದಾಗಿ ಹೇಳೋಳು ಸೊಲ್ಲು ಹಿಡೀತಾಳಾ? ನೀನು ಕಾಯ್ತಾ ಇದೀಯ. ನಾನು ಸೊಲ್ಲು ಹಿಡೀಲಿ ಅಂತ ನೀನು ಕಾಯ್ತಾ ಇದೀಯ! ಸಾಲು ನಿಂದು. ಇನ್ನೂ ನಿಂದೇ ಅಂತ ಕುಂತಿದೀಯ. ನಾನು ಶಾಲು ಹೊದ್ದಿದ್ದು, ಫಲಕ ತಂದಿದ್ದು, ಹನ್ನೊಂದು ವರ್ಷ ಮೈಕಲ್ಲಿ ಕೂಗಿದ್ದು, ಅದ್ಯಾವ್ದೂ ನಿನ್ನ ತಲೇಲಿ ಇಲ್ವೇ ಇಲ್ಲ. ನಾನು ನಿನ್ನ ಹಿಂದೆ ನಿಂತಿರೋ ಮುನಿಯಮ್ಮ, ಅಷ್ಟೇ.

ಹಂಗೆ ನೋಡ್ಬೇಡ ಕಣಕ್ಕ. ಬೈದುಬುಡು. ಎದ್ದು ಹೊಡಿ. ನೋಡ್ಬೇಡ.

ಅವ್ರು ಹೇಳಲಿಲ್ಲ.

ಜೀಪಿನೋರು. ಗಂಡ ಇಲ್ದೋಳು ಬೇಡ ಅಂತ ಅವ್ರು ಹೇಳಲಿಲ್ಲ. ಬಸ್‌ಸ್ಟಾಪಲ್ಲಿ ಇಳಿದು ನನ್ನ ಕೇಳಿದ್ರು, ‘ಹಾಡು ಕಟ್ಟೋ ವೆಂಕಟಲಕ್ಷ್ಮಮ್ಮನ ಮನೆ ಯಾವ್ದು’ ಅಂತ. ನಿನ್ನ ಹೆಸ್ರೇ ಕೇಳಿದ್ದು. ನನ್ನ ಹೆಸ್ರು ಅವ್ರಿಗೆ ಗೊತ್ತೇ ಇರಲಿಲ್ಲ. ನಾನಂದೆ, ಗಂಡ ಸತ್ಮೇಲೆ ಬಾಯಿ ಬುಡಾಕಿಲ್ಲ ಅಂತ ಆಣೆ ಮಾಡವ್ಳೆ, ಮನೆ ಹತ್ರ ಹೋಗ್ಬೇಡಿ ನೊಂದ್ಕೊತಾಳೆ, ಎಲ್ಲಾ ಹಾಡು ನಂಗೂ ಬತ್ತದೆ ಅಂದೆ. ಜೀಪು ಹತ್ತುದ್ಮೇಲೆ ಕೆರೆ ಏರಿ ಮೇಲಿಂದ ಹೋಗಿ ಅಂದೆ, ದಾರಿ ಚೆನ್ನಾಗೈತೆ ಅಂತ. ಚೆನ್ನಾಗಿತ್ತಾ ಅದು? ಗುಂಡಿ. ಈ ಬೀದೀಲಿ ಬಂದ್ರೆ ನೀನು ಕಾಣ್ತೀಯ ಅಂತ. ನೀನು ಜಗಲಿ ಮೇಲೆ ಕುಂತಿದ್ದೆ, ಆ ನೀಲಿ ಸೀರೆ ಉಟ್ಕೊಂಡು, ತಲೆ ಬಾಚ್ಕೊಂಡು. ಜೀಪು ಬಂದೈತೆ ಅಂತ ಯಾರೋ ಹೇಳಿದ್ರಂತೆ ನಿಂಗೆ. ಸಾಯಂಕಾಲ ನಾನು ಬಂದು ಹೇಳ್ದಾಗ್ಲೂ ಅದೇ ಸೀರೇಲಿ ಕುಂತಿದ್ದೆ. ‘ಹೌದಾ’ ಅಂದೆ. ಅಷ್ಟೇ. ಎದ್ದು ಹಸಕ್ಕೆ ಹುಲ್ಲು ಹಾಕ್ದೆ. ಆವತ್ತಿಂದ ಕಸ ಗುಡಿಸೋವಾಗ್ಲೂ ಒಂದು ಸಾಲು ಗುನುಗಲಿಲ್ಲ ನೀನು. ಹನ್ನೊಂದು ವರ್ಷ. ಪ್ರತಿಮಾ ಹೇಳ್ತಾಳೆ ಕಾಯ್ಲೆ ಎರಡು ವರ್ಷದ್ದು ಅಂತ. ನಿನ್ನ ಬಾಯಿ ಯಾವತ್ತು ನಿಂತಿದ್ದು ಅಂತ ನಂಗೊಬ್ಳಿಗೇ ಗೊತ್ತು.

ಕಣ್ಣು ಚೆನ್ನಾಗೇ ಕಾಣ್ತದೆ ನಂಗೆ. ಸೋಬಾನೆ ಬಂದಾಗೆಲ್ಲ ನೀನು ಮೊಕ ಅರಳಿಸ್ತಿದ್ದೆ, ನಾನು ಅಳೋ ಮೊಕ ಒತ್ತಿದೆ. ಎಲ್ಲಾದಕ್ಕೂ ಒತ್ತಿದೆ. ಎದ್ದುಬುಡ್ತೀಯ ಅಂತ ಭಯ ಆಯ್ತು ಕಣಕ್ಕ. ಹಾಡಿನ ಜೊತೆ ಆ ಜಗಲೀನೂ ಎದ್ದು ಬತ್ತದೆ ಅಂತ.

ಯಾಕೆ ಹಂಗ್ ಮಾಡ್ದೆ ಅಂತ ಕೇಳು. ಕೇಳ್ಬಾರ್ದಾ? ನಲವತ್ತು ವರ್ಷ ನಿನ್ನ ಸಾಲಿನ ಬಾಲ ಹಿಡ್ಕೊಂಡು ಬಂದೆ. ಒಂದ್ಸಲ ಮುಂದೆ ನಿಂತ್ಕೊಬೇಕು ಅನ್ನಿಸ್ತು. ಒಂದೇ ಸಲ. ನಿಂತ್ಕೊಂಡೆ. ತಿರುಗಿ ನೋಡಿದ್ರೆ ಹಿಂದೆ ಯಾರೂ ಇರಲಿಲ್ಲ.

ಆ ಹಾಡು ನನ್ನ ಮಗಳ ಮದ್ವೇಲಿ ನೀನು ಕಟ್ಟಿದ್ದು. ನಂಗೇ ಅಂತ ಕಟ್ಟಿದ್ದು. ಮೂರ್ನೇ ಸಾಲು ಹೆತ್ತ ತಾಯಿದು. ‘ಹೆತ್ತೋಳು ಬಾಗಿಲ ಹಿಂದೆ...’ ಅಂತ ಸುರು ಆಯ್ತದೆ. ಆವತ್ತು ಅಷ್ಟು ಕೇಳ್ತಿದ್ದಂಗೇ ನಂಗೆ ಅಳು ಕಿತ್ಕೊಂಡು ಬಂತು, ಮುಂದಿಂದು ಕಿವಿಗೇ ಬೀಳಲಿಲ್ಲ. ನೀನು ಯಾವತ್ತು ಆ ಸಾಲು ಹೇಳಿದ್ರೂ ಹಂಗೇ ಆಯ್ತಿತ್ತು. ಸೊಲ್ಲು ಮಾತ್ರ ಹಿಡೀತಿದ್ದೆ, ಅಳ್ಕೊಂಡೇ.

ಸ್ಕೂಟಿ ಸದ್ದು. ಡೈರಿ ಹತ್ರ ಐತೆ. ಪ್ರತಿಮಾ.

ಬರ್ಲಿ. ಹೇಳ್ತೀನಿ ಅವ್ಳಿಗೆ. ಮೊಕ ತಪ್ಪು ಒತ್ತಿದ್ದು ನಾನು ಕಣವ್ವ, ಈ ಪೆಟ್ಟಿಗೆ ಎತ್ಕೊಂಡು ಹೋಗ್ಬೇಡ, ಮೊದ್ಲಿಂದ ಹಾಕು, ಆದ್ರೆ ಮೊಕ ಒತ್ತೋದು ನಂಗೆ ಕೊಡ್ಬೇಡ, ಲತಾಮಣಿಗೆ ಕೊಡು ಅಂತೀನಿ. ಬೈದ್ರೆ ಬೈಲಿ. ಲತಾಮಣಿ ನಾಳೆಯಿಂದ ಹೊಸ್ಲು ತುಳಿಯಾಕೆ ಬುಡಾಕಿಲ್ಲ ನನ್ನ. ಬುಡದಿದ್ರೆ ಜಗಲಿ ಮೇಲೆ ಕುಂತ್ಕೊತೀನಿ.

ಇನ್ನೂ ಉಸಿರು ಹಿಡ್ಕೊಂಡೇ ಇದೀಯ? ಬೆರಳೂ ಇಳ್ಸಿಲ್ಲ. ಅಯ್ಯೋ, ನನ್ನಕ್ಕ... ಎಷ್ಟೊತ್ತು ಕಾಯ್ತೀಯ.

ಬಂದೆ. ಹಿಂದಕ್ಕೆ ಬಂದು ಕುಂತ್ಕೊಂಡೆ ನೋಡು. ಹಿಡ್ದೆ.

‘ಹಸೆಗೇಳೆ ಮಗಳೆ... ಹಸೆಗೇಳೆ...’

ಸೊಲ್ಲು ಮುಗೀತು ಲಕ್ಷ್ಮಕ್ಕ. ಮೂರ್ನೇ ಸಾಲು ನಿಂದು. ಹೇಳು.

ಮುಂದಿಂದು ನಂಗೆ ಗೊತ್ತಿಲ್ಲ.